ಕೊಬ್ಬನ್ನೇ ಹುಡುಕಿ ತಾಗುವ ಚಳಿ

ಐಸ್ ಕ್ಯಾಂಡಿಯನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡ ಎಳೆಯ ಮಗುವಿನ ಕೆನ್ನೆಯಲ್ಲಿ ಕೆಂಪಗಿನ ಗಟ್ಟಿ ಗಂಟು ಕಾಣಿಸಿಕೊಳ್ಳುವುದನ್ನು ಎಪ್‌ಸ್ಟೈನ್ ಮತ್ತು ಓರೆನ್ ಎಂಬ ವೈದ್ಯರು 1970ರಲ್ಲಿ ವರದಿ ಮಾಡಿದರು. ಚಳಿಯ ನಿಜವಾದ ಪೆಟ್ಟು ಬಿದ್ದದ್ದು ಚರ್ಮದಡಿಯ ಕೊಬ್ಬಿಗೆ. ಇಂಥ ಅವಲೋಕನಗಳ ಜಾಡು ಹಿಡಿದ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಡೀಟರ್ ಮ್ಯಾನ್‌ಸ್ಟೈನ್ ಮತ್ತು ರಾಕ್ಸ್ ಆಂಡರ್ಸನ್, ತಂಪಿನಿಂದ ಕೊಬ್ಬನ್ನು ತಗ್ಗಿಸಲು ಹಂದಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು 2008ರಲ್ಲಿ ಪ್ರಕಟಿಸಿದರು. ಸೊಂಟದ ಪಕ್ಕೆಗಳ ಕೊಬ್ಬಿಗೆ ಈ ವಿಧಾನವನ್ನು ಬಳಸಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2010ರಲ್ಲಿ ಅನುಮತಿ ನೀಡಿತು. ಚಳಿಯಿಂದ ಕೊಬ್ಬಿನ ಕೋಶಗಳನ್ನು ಸಾಯಿಸುವ ಈ ಚಿಕಿತ್ಸೆಯ ಹೆಸರು ಕ್ರಯೋಲಿಪೋಲಿಸಿಸ್.

ಚರ್ಮವನ್ನು ದಾಟಿಹೋಗುವ ಚಳಿ ಚರ್ಮವನ್ನೇಕೆ ಕೊಲ್ಲುವುದಿಲ್ಲ? ಚಳಿಗಾಲದ ಬೆಳಿಗ್ಗೆ ಬಚ್ಚಲುಮನೆಯ ಬಾಟಲಿಯಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟಿದ್ದರೂ ಪಕ್ಕದ ಬಕೆಟ್ಟಿನ ನೀರು ನೀರಾಗಿಯೇ ಇರುತ್ತದಲ್ಲ, ಉತ್ತರ ಅಲ್ಲೇ ಇದೆ. ನೀರೇ ಹೆಚ್ಚಾಗಿರುವ ಚರ್ಮದ ಜೀವಕೋಶಗಳು ತಡೆದುಕೊಳ್ಳುವಷ್ಟು ತಂಪಿನಲ್ಲಿ, ಕೊಬ್ಬಿನ ಕೋಶದೊಳಗೆ ಶೇಖರವಾಗಿರುವ ಟ್ರೈಗ್ಲಿಸರೈಡು ಎಂಬ ಕೊಬ್ಬಿನ ಅಣುಗಳು ಹರಳುಗಟ್ಟತೊಡಗುತ್ತವೆ. ಹಾಗೆ ಘಾಸಿಗೊಂಡ ಕೋಶವು ಅಲ್ಲೇ ಒಡೆದುಹೋಗದೆ, ಅಪೊಪ್ಟೋಸಿಸ್ ಎಂಬ ಕ್ರಮಬದ್ಧ ಸಾವಿನತ್ತ ಸಾಗುತ್ತದೆ. ಕೆಲವು ದಿನಗಳಲ್ಲಿ ಉರಿಯೂತ ಆರಂಭವಾಗಿ, ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಬಂದು, ಎರಡು ಮೂರು ತಿಂಗಳುಗಳಲ್ಲಿ ಅವಶೇಷಗಳನ್ನು ನಿಧಾನವಾಗಿ ತೆರವುಗೊಳಿಸುತ್ತವೆ. ಮೊದಲ ವಾರವೇ ಕನ್ನಡಿಯ ಮುಂದೆ ನಿಲ್ಲುವವರಿಗೆ ನಿರಾಸೆ ಖಚಿತ.

ಚಿಕಿತ್ಸೆಯಲ್ಲಿ ಚರ್ಮದ ಮೇಲೆ ಜೆಲ್ ಹಾಳೆಯನ್ನು ಹಾಸಿ, ಬಟ್ಟಲಿನಾಕಾರದ ಉಪಕರಣದೊಳಕ್ಕೆ ಕೊಬ್ಬಿನ ಮಡಿಕೆಯನ್ನು ನಿರ್ವಾತದಿಂದ ಎಳೆದು, ಸುಮಾರು 35ರಿಂದ 60 ನಿಮಿಷ ತಂಪುಗೊಳಿಸುತ್ತಾರೆ. ಈ ಎಳೆತವು ರಕ್ತದ ಹರಿವನ್ನು ತಗ್ಗಿಸುವುದರಿಂದ, ಬಿಸಿ ರಕ್ತ ಬಂದು ಆ ಜಾಗವನ್ನು ಮತ್ತೆ ಬೆಚ್ಚಗಾಗಿಸುವುದು ಕಡಿಮೆಯಾಗುತ್ತದೆ. ಬಟ್ಟಲನ್ನು ತೆಗೆದಾಗ ಮಡಿಕೆಯು ಅದೇ ಆಕಾರದಲ್ಲಿ ಮರಗಟ್ಟಿ ನಿಂತಿರುತ್ತದೆ. ಅದನ್ನು ತಿಕ್ಕಿ ಮೃದುಗೊಳಿಸುತ್ತಾರೆ. ಮನೆಯಲ್ಲಿ ಹೊಟ್ಟೆಗೆ ಐಸ್ ಚೀಲ ಕಟ್ಟಿಕೊಂಡು ಇದನ್ನು ಅನುಕರಿಸುವವರಿಗೆ ಚರ್ಮದ ತಾಪವನ್ನು ಸತತವಾಗಿ ಅಳೆಯುವ ಸಂವೇದಕವಾಗಲಿ, ರಕ್ಷಣೆಯ ಹಾಳೆಯಾಗಲಿ ಇರುವುದಿಲ್ಲ. ಅವರು ಹಿಮಗಾಯವನ್ನು ಆಹ್ವಾನಿಸುತ್ತಿರುತ್ತಾರೆ.

ಚಿಕಿತ್ಸೆಗೊಳಗಾದ ಪದರದ ದಪ್ಪವು ಸಾಮಾನ್ಯವಾಗಿ ಶೇ. 20ರಿಂದ 25ರಷ್ಟು ತಗ್ಗಬಹುದು. ಆದರೆ ತಕ್ಕಡಿಯ ಮುಳ್ಳು ಹೆಚ್ಚೇನೂ ಅಲುಗುವುದಿಲ್ಲ. ಆದುದರಿಂದ ಇದನ್ನು ತೂಕ ಇಳಿಸುವ ಉಪಾಯವೆಂದು ಮಾರುವ ಜಾಹೀರಾತುಗಳು ಸುಳ್ಳು ಹೇಳುತ್ತಿವೆ. ಮಧುಮೇಹ ಮತ್ತು ಹೃದ್ರೋಗಗಳೊಂದಿಗೆ ಹೆಚ್ಚು ನಂಟುಳ್ಳ ಒಳಾಂಗಗಳ ಸುತ್ತಲಿನ ಕೊಬ್ಬು ಸ್ನಾಯುಗೋಡೆಯ ಹಿಂದಿದೆ. ಈ ಚಳಿ ಅಲ್ಲಿಗೆ ಮುಟ್ಟುವುದೇ ಇಲ್ಲ.

ತಾತ್ಕಾಲಿಕ ಜೋಮು, ಕಂದುಗಟ್ಟುವಿಕೆ, ನೋವುಗಳು ಸಾಮಾನ್ಯ. ಅಪರೂಪಕ್ಕೆ ಫಲ ತಿರುಗುಮುರುಗಾಗಿ, ಕೆಲವು ತಿಂಗಳುಗಳ ಬಳಿಕ ಅದೇ ಜಾಗದಲ್ಲಿ ಕೊಬ್ಬು ಗಟ್ಟಿಯಾಗಿ ಬೆಳೆಯುತ್ತದೆ. 2014ರಲ್ಲಿ ವೈದ್ಯಕೀಯ ಸಾಹಿತ್ಯದಲ್ಲಿ ವರದಿಯಾದ ಈ ತೊಡಕು ತಮಗೂ ಆಯಿತೆಂದು ರೂಪದರ್ಶಿ ಲಿಂಡಾ ಎವಾಂಜೆಲಿಸ್ಟಾ 2021ರಲ್ಲಿ ಬಹಿರಂಗಪಡಿಸಿದ ಮೇಲೆ ಅದು ಜನರ ಗಮನಕ್ಕೆ ಬಂದಿತು. ತಾನಾಗಿ ಇಳಿಯದ ಈ ಬೆಳವಣಿಗೆಯನ್ನು ತೆಗೆಯಲು ಸಾಮಾನ್ಯವಾಗಿ ಲಿಪೋಸಕ್ಷನ್, ಅಂದರೆ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವ ಶಸ್ತ್ರಚಿಕಿತ್ಸೆ, ಬೇಕಾಗುತ್ತದೆ. ಇನ್ನು ಕ್ರಯೋಗ್ಲೋಬ್ಯುಲಿನೀಮಿಯಾದಂತಹ, ಚಳಿಗೆ ರಕ್ತದ ಪ್ರೋಟೀನುಗಳು ಗರಣೆಗಟ್ಟುವ ಕಾಯಿಲೆಗಳಿರುವವರಿಗೆ ಈ ಚಿಕಿತ್ಸೆಯನ್ನು ನೀಡಲೇಬಾರದು. ಬಟ್ಟಲನ್ನು ಅಂಟಿಸುವ ಮೊದಲು ಆ ವಿಚಾರವನ್ನು ಕೇಳದ ಚಿಕಿತ್ಸಾಲಯದಿಂದ ಎದ್ದುಬರುವುದೇ ಲೇಸು.