ಅಜ್ಜಿ ಎಷ್ಟು ಸೆಕೆಂಡ್ ನಿಂತರು?

"ಅಮ್ಮ ಚೆನ್ನಾಗೇ ನಿಲ್ತಾರೆ ಮೇಡಂ. ಬಚ್ಚಲಲ್ಲಿ ಸುಮ್ನೆ ಜಾರಿದ್ರು, ಅಷ್ಟೇ" ಎಂದರು ಮಗ. ಅಜ್ಜಿಗೆ 74 ವರ್ಷ. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷವಾಗಿದೆ.

"ಬೀಳೋ ಹೊತ್ತಿಗೆ ಏನು ಮಾಡ್ತಿದ್ರಿ ಅಜ್ಜಿ?" ಎಂದು ಕೇಳಿದೆ.

"ಮುಖಕ್ಕೆ ಸೋಪು ಹಚ್ಚಿದ್ದೆ ಕಣಮ್ಮ. ಚೊಂಬಿಗೆ ಅಂತ ಕೈ ಚಾಚಿದೆ. ಆಮೇಲೆ ನೋಡಿದ್ರೆ ನೆಲದ ಮೇಲಿದ್ದೆ."

"ನೆಲ ಜಾರ್ತಾ ಇತ್ತಾ?"

"ಇಲ್ವಲ್ಲ. ಹಿಂದಿನ ದಿನ ತಾನೇ ಸೊಸೆ ಉಜ್ಜಿದ್ದಳು."

ನನಗೆ ಬೇಕಾಗಿದ್ದ ಸುಳಿವು ಅಲ್ಲೇ ಸಿಕ್ಕಿತು. ಅವರು ಬಿದ್ದ ಗಳಿಗೆಯಲ್ಲಿ ಕಣ್ಣು ಮುಚ್ಚಿತ್ತು.

ಬರ್ಲಿನ್‌ನಲ್ಲಿ ಮೋರಿಟ್ಸ್ ರೋಂಬರ್ಗ್ ಎಂಬ ವೈದ್ಯರಿದ್ದರು. 1840ರ ದಶಕದಲ್ಲಿ ನರರೋಗಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು. ಬೆನ್ನುಹುರಿಯ ಹಿಂಭಾಗದ ನರಗಳು ಹಾಳಾದ ರೋಗಿಗಳು ಕಣ್ಣು ಬಿಟ್ಟಾಗ ನಿಲ್ಲುತ್ತಾರೆ, ಕಣ್ಣು ಮುಚ್ಚಿದ ಕೂಡಲೇ ತೂರಾಡುತ್ತಾರೆ ಎಂದು ಅದರಲ್ಲಿ ಹೇಳಿದರು. ಇಂಥವರು ಮುಖ ತೊಳೆಯುವಾಗ ಆಯ ತಪ್ಪುವುದನ್ನು ವೈದ್ಯರು ಇಂದಿಗೂ ಒಂದು ಗುರುತಾಗಿ ನೋಡುತ್ತಾರೆ. ರೋಂಬರ್ಗ್ ನೋಡಿದ್ದು ಹೆಚ್ಚಾಗಿ ಸಿಫಿಲಿಸ್ ಎಂಬ ಲೈಂಗಿಕ ಸೋಂಕಿನಿಂದ ಈ ನರಗಳು ಕೆಟ್ಟ ರೋಗಿಗಳನ್ನು. ಇವತ್ತು ನಮ್ಮ ಹತ್ತಿರ ಬರುವವರಲ್ಲಿ ಕಾರಣ ಬೇರೆ. ಸಕ್ಕರೆ ಕಾಯಿಲೆ ಪಾದದ ನರಗಳನ್ನು ಮೊಂಡಾಗಿಸುತ್ತದೆ. ಬಿ12 ವಿಟಮಿನ್ ಕೊರತೆ ಬೆನ್ನುಹುರಿಯ ಅದೇ ಭಾಗವನ್ನು ಕೆಡಿಸುತ್ತದೆ. ಆದರೆ ಬಚ್ಚಲಲ್ಲಿ ಆಗುವುದು ಅದೇ.

ನಿಲ್ಲುವುದಕ್ಕೆ ಮೂರು ಕಡೆಯಿಂದ ಸುದ್ದಿ ಬರಬೇಕು. ಕಣ್ಣಿನಿಂದ, ಕಿವಿಯೊಳಗಿನ ಸಮತೋಲನದ ಅಂಗದಿಂದ, ಪಾದ ಮತ್ತು ಕೀಲುಗಳಿಂದ. ಯಾರೂ ಕಂಬದ ಹಾಗೆ ಅಲುಗಾಡದೆ ನಿಲ್ಲುವುದಿಲ್ಲ. ನೀವು ಈಗ ಎದ್ದು ನಿಂತು ಗಮನಿಸಿ, ಮೈ ಸಣ್ಣಗೆ ಹಿಂದೆ ಮುಂದೆ ವಾಲುತ್ತಿರುತ್ತದೆ. ಮೀನಖಂಡ ಬಿಗಿಯಾಗುತ್ತದೆ, ಸಡಿಲವಾಗುತ್ತದೆ. ಮೂರರಲ್ಲಿ ಒಂದು ಕೈಕೊಟ್ಟರೆ ಉಳಿದೆರಡು ನಿಭಾಯಿಸುತ್ತವೆ. ಹಾಗಾಗಿಯೇ ಹಗಲು ಹೊತ್ತಿನಲ್ಲಿ, ಕಣ್ಣು ಬಿಟ್ಟುಕೊಂಡು, ಕಾಲು ಅಗಲಿಸಿ ನಿಂತ ಹಿರಿಯರು ಎಲ್ಲರಿಗೂ ಚೆನ್ನಾಗಿಯೇ ಕಾಣುತ್ತಾರೆ. ಕರೆಂಟ್ ಹೋದಾಗ, ರಾತ್ರಿ ಒಂದಕ್ಕೆ ಎದ್ದಾಗ, ಮುಖಕ್ಕೆ ಸೋಪು ಹಚ್ಚಿದಾಗ ಎರಡನೆಯ ಆಸರೆಯೂ ಹೋಗುತ್ತದೆ.

ತಟ್ಟಿದರೆ ಅದುರುವ ಕವಲು ಲೋಹದ ಕಡ್ಡಿ, ಅಂದರೆ ಟ್ಯೂನಿಂಗ್ ಫೋರ್ಕ್, ತಟ್ಟಿ ಅಜ್ಜಿಯ ಕಾಲಿನ ಹೆಬ್ಬೆರಳ ಮೂಳೆಯ ಮೇಲಿಟ್ಟೆ. "ಅದುರ್ತಾ ಇದೆಯಾ?" ಅಂದೆ.

"ತಣ್ಣಗಿದೆ. ಅದುರೋದೇನಿಲ್ಲ."

ಅದೇ ಫೋರ್ಕನ್ನು ಮಣಿಕಟ್ಟಿನ ಮೂಳೆಗೆ ಇಟ್ಟೆ. ಅಜ್ಜಿ ಕೈ ಹಿಂದಕ್ಕೆಳೆದುಕೊಂಡರು. "ಅಯ್ಯೋ, ಗುಂಯ್ ಅಂತಿದೆಯಲ್ಲೇ!"

ಪಾದದಿಂದ ಸುದ್ದಿ ಸರಿಯಾಗಿ ಹೋಗುತ್ತಿಲ್ಲ ಎಂದು ಮಗನಿಗೆ ಆಗ ಅರ್ಥವಾಯಿತು. ನಾನು ಬಾಯಲ್ಲಿ ಎಷ್ಟು ಹೇಳಿದ್ದರೂ ಆಗುತ್ತಿರಲಿಲ್ಲ.

ಇನ್ನು ಅಳತೆ. ಇದಕ್ಕೆ ಒಂದು ಗಡಿಯಾರ ಸಾಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹಿರಿಯರಿಗೆಂದು ಇಟ್ಟಿರುವ ನಾಲ್ಕು ಭಂಗಿಗಳ ಪರೀಕ್ಷೆಯನ್ನೇ ನಾನು ಹೆಚ್ಚು ಬಳಸುತ್ತೇನೆ. ಮೊದಲು ಎರಡೂ ಪಾದ ಅಕ್ಕಪಕ್ಕ ಕೂಡಿಸಿ ನಿಲ್ಲಬೇಕು. ಆಮೇಲೆ ಒಂದು ಪಾದವನ್ನು ಅರ್ಧ ಮುಂದಿಟ್ಟು, ಅದರ ಒಳಬದಿಗೆ ಇನ್ನೊಂದು ಪಾದದ ಹೆಬ್ಬೆರಳು ತಾಗುವ ಹಾಗೆ. ಮೂರನೆಯದು ಒಂದರ ಮುಂದೊಂದು, ಮುಂದಿನ ಹಿಮ್ಮಡಿ ಹಿಂದಿನ ಹೆಬ್ಬೆರಳಿಗೆ ತಾಗಬೇಕು. ಕೊನೆಗೆ ಒಂಟಿಕಾಲು. ಒಂದೊಂದೂ 10 ಸೆಕೆಂಡ್. ಕಣ್ಣು ಬಿಟ್ಟೇ ಇರಬೇಕು, ಕೋಲು ಹಿಡಿಯಬಾರದು. ಪಾದ ಕದಲಿದರೆ ಅಥವಾ ಏನನ್ನಾದರೂ ಹಿಡಿದರೆ ಗಡಿಯಾರ ನಿಲ್ಲಿಸಿ. ಮೂರನೆಯ ಭಂಗಿಯಲ್ಲಿ 10 ಸೆಕೆಂಡ್ ನಿಲ್ಲಲಾಗದಿದ್ದರೆ ಬೀಳುವ ಅಪಾಯ ಜಾಸ್ತಿ ಎಂದು ಲೆಕ್ಕ.

ಒಂಟಿಕಾಲಲ್ಲಿ ಯಾರು ನಿಲ್ತಾರೆ ಎಂದು ಕೆಲವರು ಕೇಳುತ್ತಾರೆ. ಹೊರಗಿನಿಂದ ಬಂದು ಕಾಲಿಗೆ ನೀರು ಹಾಕಿಕೊಂಡು, ಒಂದು ಪಾದದಿಂದ ಇನ್ನೊಂದನ್ನು ಉಜ್ಜುತ್ತೇವಲ್ಲ, ಅದು ಒಂಟಿಕಾಲೇ ಅಲ್ವಾ? ಹೊಸ್ತಿಲು ದಾಟುವಾಗ, ನಿಂತೇ ಪೈಜಾಮ ಹಾಕಿಕೊಳ್ಳುವಾಗಲೂ ಅಷ್ಟೇ. ಬ್ರೆಜಿಲ್‌ನಲ್ಲಿ 51ರಿಂದ 75 ವರ್ಷದ 1,702 ಜನರನ್ನು ಒಂಟಿಕಾಲಲ್ಲಿ 10 ಸೆಕೆಂಡ್ ನಿಲ್ಲಿಸಿ ನೋಡಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಸುಮಾರು ಐವರಲ್ಲಿ ಒಬ್ಬರಿಗೆ ಆಗಲಿಲ್ಲ. ಮುಂದಿನ ಏಳು ವರ್ಷಗಳಲ್ಲಿ ಅವರಲ್ಲಿ ಸಾವಿನ ಪ್ರಮಾಣವೂ ಹೆಚ್ಚಿತ್ತು. ಆಗ ವಾಟ್ಸಾಪ್‌ನಲ್ಲಿ ಇದು ಓಡಾಡಿ ಎಷ್ಟೋ ಜನ ಹೆದರಿ ಫೋನ್ ಮಾಡಿದರು. ಒಂಟಿಕಾಲಲ್ಲಿ ನಿಲ್ಲಲಾಗದ್ದಕ್ಕೇ ಯಾರೂ ಸಾಯುವುದಿಲ್ಲ. ಒಳಗೆ ಬೇರೇನೋ ಸೊರಗುತ್ತಿದೆ, ನೋಡಿಸಿಕೊಳ್ಳಿ ಎಂದಷ್ಟೇ ಅದರ ಅರ್ಥ.

ಆ ದಿನ ಮೂರನೆಯ ಭಂಗಿಯಲ್ಲಿ ಅಜ್ಜಿ ಪೂರ್ತಿ 10 ಸೆಕೆಂಡ್ ನಿಂತರು. ನನಗೆ ಆಶ್ಚರ್ಯವಾಯಿತು, ಆದರೂ ಬರೆದುಕೊಂಡೆ. ನನ್ನ ಕಣ್ಣು ಅವರ ಪಾದ ಮತ್ತು ಗಡಿಯಾರದ ಮೇಲಿತ್ತು. ಬಾಗಿಲ ಬಳಿ ನಿಂತಿದ್ದ ಸೊಸೆ ಮೆಲ್ಲಗೆ ಹೇಳಿದರು, "ಮೇಡಂ, ಅತ್ತೆಯ ಕಿರುಬೆರಳು ಮಂಚಕ್ಕೆ ತಾಗ್ತಾ ಇತ್ತು."

ಅಜ್ಜಿಗೆ ಅದು ಗೊತ್ತೇ ಇರಲಿಲ್ಲ. "ಹಿಡಿದಿರಲಿಲ್ಲ ಕಣೇ, ಸುಮ್ನೆ ತಾಗಿರಬಹುದು" ಎಂದರು. ನಿಜವೇ, ಅವರು ಹಿಡಿದಿರಲಿಲ್ಲ. ಆದರೆ ತಾಗಿದ್ದೇ ಸಾಕು. 1994ರಲ್ಲಿ ಜೆಕಾ ಮತ್ತು ಲ್ಯಾಕ್ನರ್ ಎಂಬ ಇಬ್ಬರು ಅಮೆರಿಕದಲ್ಲಿ ಇದನ್ನೇ ತೋರಿಸಿದ್ದರು. ಬೆರಳ ತುದಿಯನ್ನು 100 ಗ್ರಾಂಗಿಂತ ಕಡಿಮೆ ಒತ್ತಡದಲ್ಲಿ ತಾಕಿಸಿದರೂ ಮೈಯ ವಾಲಾಟ ತುಂಬಾ ಇಳಿಯುತ್ತದೆ. ಆ ಒತ್ತಡ ಮೈಭಾರ ಹೊರುವಷ್ಟಿಲ್ಲ. ಮೈ ಎತ್ತ ವಾಲುತ್ತಿದೆ ಎಂಬ ಸುದ್ದಿ ಪಾದದ ಬದಲು ಬೆರಳಿಂದ ಹೋಗುತ್ತದೆ. ಗೋಡೆ ಸವರಿಕೊಂಡು ಓಡಾಡುವ ಹಿರಿಯರಿಗೆ ಇದು ಯಾರೂ ಹೇಳಿಕೊಡದೆ ಗೊತ್ತಿದೆ.

ಮಂಚದಿಂದ ಎರಡು ಅಡಿ ಈಚೆ ತಂದು, ನಾನು ಒಂದು ಪಕ್ಕ, ಸೊಸೆ ಇನ್ನೊಂದು ಪಕ್ಕ ಕೈಚಾಚಿಕೊಂಡು ನಿಂತು ಮತ್ತೆ ಅಳೆದೆವು. 4 ಸೆಕೆಂಡ್. ಹತ್ತೇ ಸರಿ ಎಂದು ನಂಬಿ ನಾನು ಹೊರಟಿದ್ದರೆ, ಅವರು ಅದೇ ಧೈರ್ಯದಲ್ಲಿ ಮತ್ತೆ ನಿಂತುಕೊಂಡೇ ಸ್ನಾನ ಮಾಡುತ್ತಿದ್ದರು. ಅಂದಿನಿಂದ ನಾನು ಮೊದಲು ಕೈ ನೋಡುತ್ತೇನೆ, ಆಮೇಲೆ ಕಾಲು. ಸೀರೆಯ ನೆರಿಗೆಯನ್ನೂ ಸ್ವಲ್ಪ ಮೇಲೆ ಸಿಕ್ಕಿಸಿಕೊಳ್ಳಿ ಎನ್ನುತ್ತೇನೆ. ಪಾದ ಕಾಣದಿದ್ದರೆ ಹಿಮ್ಮಡಿ ಕದಲಿದ್ದು ಗೊತ್ತಾಗುವುದಿಲ್ಲ.

ಅಳತೆ ಮೋಸ ಮಾಡುವ ದಾರಿಗಳು ಇನ್ನೂ ಇವೆ. ಒಮ್ಮೆ ಬರಿಗಾಲು, ಇನ್ನೊಮ್ಮೆ ಚಪ್ಪಲಿ ಆದರೆ ಎರಡು ಅಂಕಿಗಳನ್ನು ಹೋಲಿಸುವ ಹಾಗಿಲ್ಲ. ಎರಡು ಮೂರು ಸಲ ಮಾಡಿಸಿದರೆ ಅಭ್ಯಾಸದಿಂದಲೇ ಸೆಕೆಂಡ್ ಏರುತ್ತದೆ. ಹಾಗಾಗಿ ಎಷ್ಟನೆಯ ಸಲದ್ದು ಎಂದೂ ಬರೆಯಬೇಕು. ಅಳೆಯುವಾಗ ಮಾತಾಡಿಸಬೇಡಿ. ಮಾತಾಡುತ್ತಾ ನಿಲ್ಲುವುದು ಬೇರೆಯದೇ ಪರೀಕ್ಷೆ. ಮನೆಯಲ್ಲಿ ಮಾಡುವುದಾದರೆ ಹಿರಿಯರನ್ನು ಗೋಡೆಯ ಮೂಲೆಗೆ ಬೆನ್ನು ಮಾಡಿ ನಿಲ್ಲಿಸಿ, ಮುಂದೆ ಒಬ್ಬರು ಗಟ್ಟಿಯಾಗಿ ನಿಂತಿರಿ. ಕಣ್ಣು ಮುಚ್ಚಿಸುವ ಪರೀಕ್ಷೆ ಮನೆಯಲ್ಲಿ ಬೇಡವೇ ಬೇಡ. ಅದನ್ನು ನಮಗೆ ಬಿಡಿ.

ನಿಂತಾಗಿನ ಬಿಪಿಯನ್ನೂ ನೋಡಿಸಿ. ಮಲಗಿದ್ದವರು ಎದ್ದು ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ಹೇಳಬೇಕು. ನಿದ್ದೆ ಮಾತ್ರೆ, ಬಿಪಿ ಮಾತ್ರೆಗಳ ಬಗ್ಗೆಯೂ ಕೇಳಿ. ನೀವೇ ನಿಲ್ಲಿಸಬೇಡಿ.

"ಬಿದ್ದಿದ್ದೀರಾ?" ಎಂದು ಕೇಳಿದರೆ ಹಿರಿಯರು ಇಲ್ಲ ಎನ್ನುತ್ತಾರೆ. ಬಿದ್ದೆ ಎಂದರೆ ಒಬ್ಬರನ್ನೇ ತೋಟಕ್ಕೆ, ದೇವಸ್ಥಾನಕ್ಕೆ ಬಿಡುವುದಿಲ್ಲ ಎಂಬ ಭಯ. ಆ ಭಯ ಸುಳ್ಳೇನಲ್ಲ, ಎಷ್ಟೋ ಮನೆಗಳಲ್ಲಿ ಹಾಗೇ ಆಗಿದೆ. ಕೂರಿಸಿಬಿಟ್ಟರೆ ಕಾಲಿನ ಬಲ ಇನ್ನೂ ಬೇಗ ಹೋಗುತ್ತದೆ. ನಾನು "ಈ ವರ್ಷ ಎಲ್ಲಾದ್ರೂ ಕೈ ಊರಬೇಕಾಯ್ತಾ?" ಎಂದು ಕೇಳುತ್ತೇನೆ. ಆಗ ಕಥೆ ಬಿಚ್ಚಿಕೊಳ್ಳುತ್ತದೆ.

ಅಜ್ಜಿಯ ಬಚ್ಚಲಿಗೆ ಕೂತು ಸ್ನಾನ ಮಾಡಲು ಸ್ಟೂಲ್ ಬಂತು, ಗೋಡೆಗೆ ಹಿಡಿಕೆ ಬಂತು. ವೈದ್ಯರು ಬಿ12 ಪರೀಕ್ಷೆ ಬರೆದರು. ದಿನಕ್ಕೆರಡು ಹೊತ್ತು ಅಡುಗೆಮನೆಯ ಕಟ್ಟೆ ಹಿಡಿದು ಅಭ್ಯಾಸ ಶುರುವಾಯಿತು. ಮೊದಲು ಎರಡು ಕೈ, ಆಮೇಲೆ ಒಂದು ಕೈ, ಆಮೇಲೆ ಬೆರಳು. ಜೊತೆಗೆ ಕುರ್ಚಿಯಿಂದ ಎದ್ದು ಕೂರುವುದು, ಹಿಮ್ಮಡಿ ಎತ್ತುವುದು. ಎರಡು ವಾರಕ್ಕೊಮ್ಮೆ ಸೋಮವಾರ ಸೊಸೆ ಸೆಕೆಂಡ್ ಎಣಿಸಿ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆಯುತ್ತಾರೆ. 4, 4, 5, 3, 6. ಆ 3 ಜ್ವರ ಬಂದ ವಾರದ್ದು.

ಮೂರು ತಿಂಗಳಾದ ಮೇಲೆ ಹೋದಾಗ ಅಜ್ಜಿ ನಾನು ಕೂರುವ ಮೊದಲೇ ಎದ್ದು ಮಂಚದಿಂದ ಈಚೆ ಬಂದರು. ನಾನೂ ಸೊಸೆಯೂ ಎರಡು ಪಕ್ಕ ನಿಂತೆವು. ಅಜ್ಜಿ ಪಾದ ಒಂದರ ಮುಂದೊಂದು ಇಟ್ಟು, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡರು.

"7" ಎಂದೆ.

"ಬೆರಳು ತಾಗಿಲ್ಲ ನೋಡು. ಅದನ್ನೂ ಬರ್ಕೊ" ಎಂದರು ಅಜ್ಜಿ.