ಸ್ಕಾಟ್ಲೆಂಡಿನ ಹಿರಿಯರ ಹುಡುಕಾಟ: 1855ರ ಆಚೆ, ಈಚೆ

ಮೊದಲು ನೆನಪಿಡಬೇಕಾದ ದಿನ 1855ರ ಜನವರಿ 1. ಸ್ಕಾಟ್ಲೆಂಡಿನಲ್ಲಿ ಹುಟ್ಟು, ಮದುವೆ, ಸಾವು ಮೂರನ್ನೂ ಸರ್ಕಾರ ಕಡ್ಡಾಯವಾಗಿ ಬರೆದಿಡಲು ಶುರುಮಾಡಿದ್ದು ಅಂದಿನಿಂದ. ಅದಕ್ಕೂ ಹಿಂದಿನದು ಬೇಕಿದ್ದರೆ ಚರ್ಚಿನ ಪುಸ್ತಕಗಳೇ ಗತಿ. ಮಂತ್ರಾಲಯದ ಕಥೆಯಲ್ಲಿ ಬರುವ ಥಾಮಸ್ ಮನ್ರೊ 1761ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದವರು. ಅಂಥವರು ಸಿಗುವುದು ಅಲ್ಲೇ.

ಹಾಗಂತ ನೇರವಾಗಿ ಚರ್ಚಿನ ಪುಸ್ತಕಕ್ಕೆ ಕೈಹಾಕಬೇಡಿ. ಈಚೆ ಕಡೆಯಿಂದ, ಅದರಲ್ಲೂ ಸಾವಿನ ದಾಖಲೆಯಿಂದ ಶುರುಮಾಡಿ. ಇಂಗ್ಲೆಂಡಿನ ಆ ಕಾಲದ ಸಾವಿನ ದಾಖಲೆಯಲ್ಲಿ ಸತ್ತವರ ತಂದೆತಾಯಿಯ ಹೆಸರಿಗೆ ಜಾಗವೇ ಇರಲಿಲ್ಲ. ಸ್ಕಾಟ್ಲೆಂಡಿನದರಲ್ಲಿ ಇತ್ತು, ತಾಯಿಯ ತವರಿನ ಮನೆತನದ ಹೆಸರೂ ಸೇರಿ. 1860ರ ಸುಮಾರಿಗೆ ಮುದುಕಿಯೊಬ್ಬಳು ತೀರಿಕೊಂಡಿದ್ದರೆ, ಆ ಒಂದು ಹಾಳೆ ನಿಮ್ಮನ್ನು ಸೀದಾ ಹದಿನೆಂಟನೇ ಶತಮಾನಕ್ಕೆ ಕರೆದೊಯ್ಯುತ್ತದೆ. ಆದರೆ ಆ ವಿವರ ಹೇಳಿದ್ದು ಸತ್ತವರಲ್ಲ. ಮಗನೋ ಅಳಿಯನೋ ಪಕ್ಕದ ಮನೆಯವರೋ ಹೇಳಿರುತ್ತಾರೆ. ಅಳಿಯನಿಗೆ ಅತ್ತೆಯ ಅಮ್ಮನ ತವರಿನ ಹೆಸರು ಎಷ್ಟು ನೆನಪಿದ್ದೀತು?

ನಿಮ್ಮವರು ಯಾರಾದರೂ 1855ರಲ್ಲೇ ದಾಖಲಾಗಿದ್ದರೆ ಅದು ಅದೃಷ್ಟ. ಮೊದಲ ವರ್ಷದ ಹುಮ್ಮಸ್ಸಿನಲ್ಲಿ ಸಿಕ್ಕಾಪಟ್ಟೆ ವಿವರ ಕೇಳಿದ್ದರು. ಮಗುವಿನ ದಾಖಲೆಯಲ್ಲಿ ತಂದೆತಾಯಿಯ ವಯಸ್ಸು, ಹುಟ್ಟಿದ ಊರು, ಮದುವೆಯಾದ ದಿನ ಎಲ್ಲ ಸಿಗುತ್ತದೆ. ಬರೆಯುವವರಿಗೆ ಸಾಕುಸಾಕಾಯಿತೋ ಏನೋ, ಮರುವರ್ಷವೇ ಎಷ್ಟೋ ಅಂಕಣಗಳು ಹೋದವು.

ಇನ್ನು ಜನಗಣತಿ. ಹತ್ತು ವರ್ಷಕ್ಕೊಮ್ಮೆಯ ಗಣತಿ 1801ರಲ್ಲೇ ಶುರುವಾದರೂ, ದೇಶದ ಉದ್ದಗಲಕ್ಕೂ ಹೆಸರು ಹಿಡಿದು ಹುಡುಕಬಹುದಾದ ಮೊದಲ ಗಣತಿ 1841ರದು. ಇಲ್ಲೇ ಜಾಸ್ತಿ ಜನ ಎಡವುವುದು. 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಿರಿ ಎಂದು ಗಣತಿದಾರರಿಗೆ ಹೇಳಿದ್ದರು. 44 ಆದವನು ಪುಸ್ತಕದಲ್ಲಿ 40. ಮನೆಯಲ್ಲಿ ಯಾರಿಗೆ ಯಾರು ಏನಾಗಬೇಕು ಅನ್ನುವುದೂ ಇಲ್ಲ. ಹೆಂಗಸೊಬ್ಬಳು ಹೆಂಡತಿಯೋ ತಂಗಿಯೋ ಗೊತ್ತಾಗುವುದಿಲ್ಲ. ಹುಟ್ಟಿದ್ದು ಅದೇ ಕೌಂಟಿಯಲ್ಲಾ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ), ಹೌದೋ ಅಲ್ಲವೋ, ಅಷ್ಟೇ. ಸಂಬಂಧ ಮತ್ತು ಹುಟ್ಟಿದ ಪ್ಯಾರಿಷ್ ಬರುವುದು 1851ರಿಂದ. ಹಾಗಾಗಿ ಮೊದಲು 1851, ಆಮೇಲೆ 1841. ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಊರು-ಕೇರಿ. ಅದರ ಹೆಸರು ಗೊತ್ತಾದರೆ ಯಾವ ಚರ್ಚಿನ ಪುಸ್ತಕ ತೆಗೆಯಬೇಕು ಅನ್ನುವುದೂ ಗೊತ್ತಾಯಿತು.

ನನಗೆ ಇಷ್ಟವಾದದ್ದು 1861ರದು. ಮನೆಯಲ್ಲಿ ಕಿಟಕಿ ಇರುವ ಕೋಣೆ ಎಷ್ಟು ಎಂದು ಕೇಳಿದ್ದರು. ಒಂಬತ್ತು ಹೆಸರು, ಪಕ್ಕದಲ್ಲಿ 1 ಎಂದು ಕಂಡರೆ ಆ ಮನೆಯ ಸ್ಥಿತಿ ಬೇರೆ ಹೇಳಬೇಕಿಲ್ಲ, ಅಲ್ವಾ?

ಗಣತಿಯಲ್ಲಿ ಹೆಸರಿಲ್ಲದಿದ್ದರೆ ಆ ಮನುಷ್ಯ ಸತ್ತ ಅಂತಲ್ಲ. ಬ್ಲಾಂಟೈರ್‌ನಲ್ಲಿ 1813ರಲ್ಲಿ ಹುಟ್ಟಿದ ಹೆಸರಾಂತ ಮಿಷನರಿ, ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್ ಆಫ್ರಿಕಾಕ್ಕೆ ಹಡಗು ಹತ್ತಿದ್ದು 1840ರ ಡಿಸೆಂಬರ್‌ನಲ್ಲಿ. 1851, 1861, 1871ರ ಗಣತಿಗಳ ಹೊತ್ತಿಗೂ ಆಫ್ರಿಕಾದಲ್ಲೇ ಇದ್ದ. ನಡುವೆ ಎರಡು ಸಲ ಊರಿಗೆ ಬಂದರೂ ಗಣತಿಯ ವರ್ಷಕ್ಕೆ ಸಿಗಲೇ ಇಲ್ಲ.

ಹೆಸರಿಡುವ ಪದ್ಧತಿಗೂ ಈ ಮನೆಯೇ ಒಳ್ಳೆಯ ಉದಾಹರಣೆ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಇಡುವುದು ಅಲ್ಲಿನ ರೂಢಿ. ನಮ್ಮಲ್ಲೂ ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತೇವಲ್ಲ, ಹಾಗೇ. ಡೇವಿಡ್ ಎರಡನೆಯ ಮಗ, ತಾಯಿಯ ತಂದೆ ಡೇವಿಡ್ ಹಂಟರ್. ಸರಿಯಾಗಿ ಕೂತಿತು. ಆದರೆ ತಂದೆಯ ತಂದೆ ನೀಲ್, ದೊಡ್ಡ ಮಗನ ಹೆಸರು ಮಾತ್ರ ಜಾನ್! ಪದ್ಧತಿ ಸುಳಿವು ಕೊಡುತ್ತದೆ, ಸಾಕ್ಷಿ ಹೇಳುವುದಿಲ್ಲ. ಇದೇ ಪದ್ಧತಿಯ ಕಾಟದಿಂದ ಒಂದೇ ಪ್ಯಾರಿಷ್‌ನಲ್ಲಿ ಒಂದೇ ಹೆಸರಿನ ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳು ನಾಲ್ಕೈದು ಜನ ಸಿಗುತ್ತಾರೆ. ಅವರನ್ನು ಬೇರೆ ಮಾಡಲು ತಾಯಿಯ ತವರಿನ ಹೆಸರನ್ನೇ ಹಿಡಿಯಬೇಕು.

ಚರ್ಚಿನ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಹಳೆಯದು ಪರ್ತ್‌ಶೈರ್‌ನ ಎರಲ್ ಪ್ಯಾರಿಷ್‌ನದು, 1553ರಿಂದ ಇದೆ. ಎಲ್ಲ ಕಡೆ ಹೀಗಿಲ್ಲ. ಅಲ್ಲಿ ಬರೆಯುತ್ತಿದ್ದದ್ದು ದೀಕ್ಷಾಸ್ನಾನ, ಮದುವೆಯ ಘೋಷಣೆ, ಅಲ್ಲಲ್ಲಿ ಹೂಳಿದ ಲೆಕ್ಕ. ಘೋಷಣೆ ಅಂದರೆ ಇಂಥವರು ಮದುವೆಯಾಗಲಿದ್ದಾರೆ ಎಂದು ಚರ್ಚಿನಲ್ಲಿ ಮೊದಲೇ ಸಾರುವುದು, ಮದುವೆಯಲ್ಲ, ಗಮನಿಸಿ. ಹುಡುಗ ಹುಡುಗಿ ಬೇರೆ ಬೇರೆ ಪ್ಯಾರಿಷ್‌ನವರಾದರೆ ಎರಡೂ ಕಡೆ ಹುಡುಕಿ, ಒಂದರಲ್ಲಿ ಇಲ್ಲದ ವಿವರ ಇನ್ನೊಂದರಲ್ಲಿ ಇರಬಹುದು. ಹೂಳಿದ್ದರ ಬದಲು ಶವಪೆಟ್ಟಿಗೆಗೆ ಹೊದಿಸುವ ಬಟ್ಟೆಯ ಬಾಡಿಗೆ ಮಾತ್ರ ಬರೆದಿರುವುದೂ ಉಂಟು. 1783ರಿಂದ 1794ರವರೆಗೆ ಪ್ರತಿ ದಾಖಲೆಗೂ ಮೂರು ಪೆನ್ಸ್ ತೆರಿಗೆ ಇತ್ತು. ಬಡವರು ಸುಮ್ನೆ ಬರೆಸದೇ ಬಿಟ್ಟರು. 1843ರಲ್ಲಿ ಸ್ಕಾಟ್ಲೆಂಡಿನ ಅಧಿಕೃತ ಚರ್ಚ್ ಇಬ್ಭಾಗವಾಗಿ ಸುಮಾರು ಮೂರನೇ ಒಂದು ಭಾಗ ಪಾದ್ರಿಗಳು ಹೊರನಡೆದು ಫ್ರೀ ಚರ್ಚ್ ಕಟ್ಟಿದರು. ಆಮೇಲೆ ಹುಟ್ಟಿದ ಮಗು ಹಳೆಯ ಪುಸ್ತಕದಲ್ಲಿ ಇಲ್ಲವೆಂದರೆ ಫ್ರೀ ಚರ್ಚಿನದನ್ನು ನೋಡಿ.

ತಂದೆಯ ಹೆಸರೇ ಸಿಗದಿದ್ದರೆ ಕಿರ್ಕ್ ಸೆಷನ್‌ನ ನಡವಳಿ ಪುಸ್ತಕ ತೆಗೆಯಿರಿ. ಇದು ಚರ್ಚಿನ ಹಿರಿಯರ ಪಂಚಾಯಿತಿ. ಮದುವೆಯಾಗದೆ ಬಸುರಾದವಳನ್ನು ಕರೆಸಿ, ಯಾರು ಎಂದು ಕೇಳಿ, ಅವಳ ಉತ್ತರವನ್ನು ಬರೆದಿಟ್ಟಿದ್ದಾರೆ. ಓದುವಾಗ ಅವಳ ಬಗ್ಗೆ ಸಂಕಟವಾಗುತ್ತದೆ, ಆದರೆ ಬೇರೆಲ್ಲೂ ಇಲ್ಲದ ಹೆಸರು ಅಲ್ಲಿ ಸಿಕ್ಕೀತು. ಸ್ಕಾಟ್‌ಲೆಂಡ್ಸ್‌ಪೀಪಲ್ ಎಂಬ ಸರ್ಕಾರಿ ಜಾಲತಾಣದಲ್ಲಿ ಇವುಗಳ ಪುಟಗಳನ್ನು ದುಡ್ಡು ಕೊಡದೆ ನೋಡಬಹುದು. ಹೆಸರು ಕೊಟ್ಟು ಹುಡುಕುವ ಹಾಗಿಲ್ಲ, ಪ್ಯಾರಿಷ್ ಮತ್ತು ವರ್ಷ ಹಿಡಿದು ಒಂದೊಂದೇ ಪುಟ ತಿರುಗಿಸಬೇಕು. ಮಗು ಹುಟ್ಟುವುದಕ್ಕೆ ನಾಲ್ಕೈದು ತಿಂಗಳು ಹಿಂದಿನಿಂದ ಶುರುಮಾಡಿ.