ಗಾಡಿ ಎತ್ತರಿಸುವ ಮುನ್ನ ಒಂದು ಬಳಪ ತನ್ನಿ

ಮದ್ದೂರು ಕಡೆಯ ಯುವಕರೊಬ್ಬರು ಮಂಡ್ಯದ ನಮ್ಮ ಗ್ಯಾರೇಜಿನ ಮುಂದೆ ಪಿಕಪ್ ನಿಲ್ಲಿಸಿ, “ಮೂರು ಇಂಚು ಎತ್ತಿಬಿಡಿ ಅಣ್ಣ, ಟೈರು ಆಮೇಲೆ ನೋಡೋಣ” ಎಂದರು. ತೋಟದ ದಾರಿಯಲ್ಲಿ ಗಾಡಿಯ ಹೊಟ್ಟೆ ತಗಲುತ್ತದೆಯಂತೆ. ಬಗ್ಗಿ ನೋಡಿದೆ. ಹೊಟ್ಟೆಗೆ ಒಂದು ಗೀರೂ ಇಲ್ಲ. ಉಜ್ಜಿ ಉಜ್ಜಿ ಹೊಳೆಯುತ್ತಿದ್ದುದು ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಶಿಯಲ್‌ನ, ಅಂದರೆ ಎರಡು ಚಕ್ರಗಳಿಗೂ ಎಂಜಿನ್ ಬಲ ಹಂಚುವ ಗೇರು ಪೆಟ್ಟಿಗೆಯ ಉಬ್ಬು. ಟ್ರ್ಯಾಕ್ಟರ್ ಚಕ್ರಗಳು ಕೊರೆದ ಎರಡು ಜಾಡುಗಳ ನಡುವೆ ಉಳಿಯುವ ದಿಬ್ಬ ಬಡಿಯುವುದು ಅಲ್ಲಿಗೇ.

ಹೆಚ್ಚಿನವರು ಎಡವುವುದೂ ಇಲ್ಲೇ. ಲಿಫ್ಟ್ ಹಾಕಿದರೆ ಚಾಸಿ ಏರುತ್ತದೆ, ಬಾಡಿ ಏರುತ್ತದೆ, ಮನೆಯ ಹಿರಿಯರಿಗೆ ಹತ್ತಿ ಇಳಿಯುವ ಕಷ್ಟವೂ ಏರುತ್ತದೆ. ಹಿಂದಿನ ಆಕ್ಸಲ್ ಮಾತ್ರ ಇದ್ದಲ್ಲೇ ಇರುತ್ತದೆ, ಏಕೆಂದರೆ ಅದು ನಿಂತಿರುವುದು ಚಕ್ರದ ಮೇಲೆ. ಅದನ್ನು ನೆಲದಿಂದ ಎತ್ತುವುದು ದೊಡ್ಡ ಟೈರೊಂದೇ. ಹಾಗಾಗಿ ನನ್ನ ಲೆಕ್ಕದಲ್ಲಿ ಮೊದಲು ಟೈರು. ಅದಕ್ಕೆ ಜಾಗ ಸಾಲದಿದ್ದರೆ, ಸಾಲದಷ್ಟಕ್ಕೆ ಮಾತ್ರ ಲಿಫ್ಟ್.

ಅವರ ಗಾಡಿಯಲ್ಲಿದ್ದುದು 245/70 ಆರ್16. ಅಗಲ 245 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ 70, ರಿಮ್ಮು 16 ಇಂಚು. ಎರಡು ಗೋಡೆ ಮತ್ತು ರಿಮ್ಮು ಕೂಡಿಸಿದರೆ ಟೈರಿನ ಎತ್ತರ ಸುಮಾರು 749 ಮಿ.ಮೀ. 265/70 ಆರ್16 ಹಾಕಿದರೆ 777. ವ್ಯತ್ಯಾಸ 28, ಅದರಲ್ಲಿ ಆಕ್ಸಲ್ ಕೆಳಗೆ ಸಿಗುವುದು ಅರ್ಧ, ಅಂದರೆ 14 ಮಿ.ಮೀ. ಕಿರುಬೆರಳಿನ ದಪ್ಪ! ಇದನ್ನು ಕೇಳಿದಾಗ ಬಂದವರ ಮುಖ ಸಣ್ಣದಾಗುತ್ತದೆ. 285/75 ಆರ್16ಕ್ಕೆ ಹೋದರೆ 834, ಆಗ 42 ಮಿ.ಮೀ. ಗಿಟ್ಟುತ್ತದೆ. ಆದರೆ ಚಕ್ರ ಶೇ 11ರಷ್ಟು ದೊಡ್ಡದಾಗುವುದರಿಂದ ಪ್ರತಿ ಗೇರೂ ಅಷ್ಟೇ ಭಾರವಾಗುತ್ತದೆ. ಎಳನೀರು ತುಂಬಿಕೊಂಡು ನಾಲೆ ಏರಿಗೆ ಹತ್ತುವಾಗ ಅರ್ಧ ಕ್ಲಚ್ಚಿನಲ್ಲೇ ಎಳೆಯಬೇಕು. ಕ್ಲಚ್ ಪ್ಲೇಟಿನ ಗತಿ ಹೇಳಬೇಕಾಗಿಲ್ಲ. ಬ್ರೇಕು ಹಿಡಿಯುವ ದೂರವೂ ಹೆಚ್ಚುತ್ತದೆ.

ವೇಗ ತೋರಿಸುವ ಮೀಟರಿನ ವಿಷಯ ಚಿಕ್ಕದು. 265ಕ್ಕೆ ಬದಲಿಸಿದ ಮೇಲೆ ಗಾಡಿ ಮೊದಲಿಗಿಂತ ಶೇ 3.7ರಷ್ಟು ವೇಗವಾಗಿ ಓಡಿದರೂ ಮುಳ್ಳು ತೋರಿಸುವುದು ಹಳೆಯ ಅಂಕಿಯನ್ನೇ. ಕಂಪನಿಯ ಮೀಟರು ಸಾಮಾನ್ಯವಾಗಿ ತುಸು ಹೆಚ್ಚೇ ತೋರಿಸುವುದರಿಂದ ಇದು ನಡೆಯುತ್ತದೆ. ಆದರೂ ಮೈಸೂರು–ಬೆಂಗಳೂರು ಹೆದ್ದಾರಿಯ ಕ್ಯಾಮೆರಾ ನಿಮ್ಮ ಮುಳ್ಳನ್ನು ನೋಡುವುದಿಲ್ಲ.

ಇನ್ನು ಬಳಪದ ಕೆಲಸ. ದೊಡ್ಡ ಟೈರಿಗೆ ಜಾಗ ಸಾಲುತ್ತದೆಯೇ ಎಂದು ನೋಡಲು, ಸ್ನೇಹಿತರಿಂದಲೋ ಅಂಗಡಿಯಿಂದಲೋ ನೀವು ಹಾಕಿಸಬೇಕೆಂದಿರುವ ಅಳತೆಯ ಒಂದು ಚಕ್ರ ಎರವಲು ತಂದು ಮುಂದೆ ಹಾಕಿ. ಮಡ್‌ಗಾರ್ಡಿನ ಒಳಗೋಡೆಗೂ ಚಾಸಿಯ ಅಂಚಿಗೂ ಬಳಪ ಬಳಿಯಿರಿ. ಸ್ಪ್ರಿಂಗು ಅದುಮುವಂತೆ ಆ ಚಕ್ರವನ್ನು ಗಟ್ಟಿ ಮರದ ದಿಮ್ಮಿಯ ಮೇಲೆ ಹತ್ತಿಸಿ, ಸ್ಟೇರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ. ಟೈರಿಗೆ ಬಿಳಿ ಅಂಟಿದ್ದರೆ ಎಲ್ಲಿ, ಎಷ್ಟು ಎಂಬುದು ಕಣ್ಣೆದುರೇ ಇರುತ್ತದೆ. ಬರೀ ಪ್ಲಾಸ್ಟಿಕ್ ಲೈನರ್ ಉಜ್ಜುತ್ತಿದ್ದರೆ ಅದನ್ನು ಕೊಂಚ ಸರಿಸಿದರೆ ಸಾಕು. ಸ್ಟೆಪ್ನಿಯೂ ಅದೇ ಅಳತೆಯದಾಗಬೇಕು, ಅದು ಹಿಂದಿನ ಜಾಗದಲ್ಲಿ ಹಿಡಿಯುತ್ತದೆಯೇ ನೋಡಿ. ನಾಲ್ಕು ಟೈರಿನ ದುಡ್ಡು ಹೊಂದಿಸಿ ಬಂದವರು ಮರೆಯುವುದು ಈ ಐದನೆಯದನ್ನು.

ಲಿಫ್ಟ್ ಬೇಕೇ ಬೇಕೆಂದಾದರೆ ಮುಂದೆ ಸ್ಪೇಸರ್ ಎಂಬ ದಪ್ಪ ಬಿಲ್ಲೆ ತುರುಕುವುದಕ್ಕಿಂತ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡನ್ನೂ ಬದಲಿಸುವುದು ಮೇಲು. ಎರಡು ಇಂಚು ದಾಟಿದರೆ ಡ್ರೈವ್ ಶಾಫ್ಟಿನ ಜಾಯಿಂಟುಗಳು ಓರೆಯಾಗಿ ತಿರುಗಿ ರಬ್ಬರ್ ಬೂಟು ಹರಿಯುತ್ತದೆ, ಅಲೈನ್‌ಮೆಂಟ್ ಕೈಗೆ ಬರುವುದಿಲ್ಲ, ಮುಂದಿನ ಚಕ್ರವನ್ನು ಚಾಸಿಗೆ ಹಿಡಿದಿಡುವ ಮೇಲಿನ ಆರ್ಮನ್ನೂ ಬದಲಿಸಬೇಕಾಗುತ್ತದೆ. ಹಿಂದಿನ ಬ್ಲೇಡ್ ಸೆಟ್ಟಿನ, ಅಂದರೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗಿನ ಅಳತೆ ತೆಗೆಯಲು ನಾನು ಗಾಡಿಯನ್ನು ಲೋಡು ಸಮೇತ ತರಲು ಹೇಳುತ್ತೇನೆ. ಖಾಲಿ ಗಾಡಿ ಸುಳ್ಳು ಹೇಳುತ್ತದೆ. ಒಂದು ಬ್ಲೇಡು ಸೇರಿಸಿದರೆ ಹಿಂಭಾಗ ಎದ್ದು ನಿಲ್ಲುತ್ತದೆ ನಿಜ, ಆದರೆ ಆರ್‌ಸಿಯಲ್ಲಿರುವ ಭಾರದ ಮಿತಿ ಒಂದು ಕೆ.ಜಿ.ಯೂ ಹೆಚ್ಚುವುದಿಲ್ಲ. ಬ್ಲೇಡನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟನ್ನು ಒಮ್ಮೆ ಬಿಚ್ಚಿದ ಮೇಲೆ ಅದನ್ನೇ ಮತ್ತೆ ಹಾಕಿಸಿಕೊಳ್ಳಬೇಡಿ.

ಗಾಡಿ ಎತ್ತರವಾದಷ್ಟೂ ತಿರುವಿನಲ್ಲಿ ವಾಲುತ್ತದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿಯ ಮೇಲೆ ಎದುರಿನ ಕಬ್ಬಿನ ಗಾಡಿಗೆ ದಾರಿ ಬಿಟ್ಟು ಅಂಚಿಗೆ ಸರಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಕಾನೂನೂ ಇದೆ. ಕಂಪನಿಯ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅದೇ ಗಾಡಿಯ ಮೇಲಿನ ಮಾದರಿಗೆ ಕಂಪನಿಯೇ ಕೊಡುವ ಟೈರಿನ ಅಳತೆಗೆ ನಿಲ್ಲುವುದು ಕ್ಷೇಮ. ಲಿಫ್ಟ್ ಮಾಡಿಸುವವರು ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಲಿ.

ಮದ್ದೂರಿನ ಯುವಕರು ಕೊನೆಗೆ ಹಳೆಯ ಅಳತೆಯಲ್ಲೇ ಆಲ್ ಟೆರೇನ್, ಅಂದರೆ ಟಾರಿಗೂ ಮಣ್ಣಿಗೂ ಆಗುವ ಟೈರು ಹಾಕಿಸಿದರು. ಓಡಾಟದಲ್ಲಿ ಮುಕ್ಕಾಲು ಪಾಲು ಟಾರು ರಸ್ತೆ, ಅಲ್ಲಿ ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಟೈರು ಬರೀ ಸದ್ದಿಗೆ. ಮೊನ್ನೆ ಅಲೈನ್‌ಮೆಂಟಿಗೆ ಬಂದಾಗ ಡಿಫರೆನ್ಶಿಯಲ್ ಈಗ ತಗಲುತ್ತದೆಯೇ ಎಂದು ಕೇಳಿದೆ. ಇಲ್ಲವಂತೆ. ಅವರ ತಂದೆ ಅರ್ಧ ದಿನ ಗುದ್ದಲಿ ಹಿಡಿದು ದಾರಿಯ ದಿಬ್ಬವನ್ನು ಕೆತ್ತಿ ಹಾಕಿದ್ದಾರೆ.